ಮತ್ತೆ ಹಾಕಿದ ಬೀಗ

ಕರೆ ಬಂದದ್ದೇನೋ ನಯವಾಗಿಯೇ. ಮುಖ್ಯಪೇದೆ ಬೀಗದಂಗಡಿಯ ಬಾಗಿಲಲ್ಲಿ ನಿಂತು, ಟೋಪಿಯನ್ನು ಕಂಕುಳಲ್ಲಿ ಇರುಕಿಕೊಂಡು, "ಯಜಮಾನ್ರೇ, ಈ ಶನಿವಾರ ಮಕ್ಕಳಿಗೆ ಠಾಣೆ ತೋರಿಸೋ ಕಾರ್ಯಕ್ರಮ ಇಟ್ಕೊಂಡಿದ್ದೀವಿ. ಮೊಮ್ಮಗಳನ್ನ ಕರ್ಕೊಂಡು ಬನ್ನಿ. ನೀವೇ ಬರ್ಬೇಕು ಅಂತ ಮೇಡಂ ಒತ್ತಿ ಹೇಳಿದ್ದಾರೆ," ಎಂದ. ಕಾರ್ಯಕ್ರಮ ಮಕ್ಕಳಿಗಂತೆ, ಒತ್ತಾಯ ಮುದುಕನಿಗಂತೆ. ಬೀಗದಜ್ಜನಿಗೆ ಅದು ಸರಿ ಕಾಣಲಿಲ್ಲ. ಆದರೂ ಹಲ್ಲು ಕಿರಿದು, "ಅದಕ್ಕೇನಂತೆ, ಬರೋಣ," ಎಂದುಬಿಟ್ಟ.

ಬರುವುದಿಲ್ಲ ಎನ್ನುವ ಧೈರ್ಯ ಅವನಿಗಿರಲಿಲ್ಲ. ಕೆಲವು ತಿಂಗಳಿಂದ ಊರಿನಲ್ಲಿ ಒಂದು ವಿಚಿತ್ರ ಬಗೆಯ ಕಳ್ಳತನ ನಡೆಯುತ್ತಿತ್ತು. ಮನೆಯವರು ಪರವೂರಿಗೆ ಹೋಗಿ ಬಂದರೆ ಬಾಗಿಲಿಗೆ ತಾವು ಹಾಕಿದ ಬೀಗ ಹಾಕಿದ ಹಾಗೇ ಇರುತ್ತಿತ್ತು. ಒಳಗೆ ಹೋಗಿ ಕಪಾಟು ತೆಗೆದರೆ ಒಡವೆ ಮಾತ್ರ ಇರುತ್ತಿರಲಿಲ್ಲ. ಬೀಗದ ಮೇಲೆ ಒಂದು ಗೀರು ಕೂಡ ಇಲ್ಲ. ಕ್ಷೌರದಂಗಡಿಯಲ್ಲಿ ಜನ ಮಾಟ ಮಂತ್ರ ಎಂದು ಬಾಯಿಗೆ ಬಂದದ್ದು ಆಡಿಕೊಳ್ಳುತ್ತಿದ್ದಾಗ ಅಜ್ಜ ಕೆನ್ನೆಗೆಲ್ಲ ನೊರೆ ಹಚ್ಚಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಕ್ಷೌರಿಕ ಹೇಳಿದ: "ಅಲ್ಲ ಅಜ್ಜ, ಕದ್ದವನು ಓಡಿಹೋಗೋದು ಬಿಟ್ಟು ನಿಂತು ಬೀಗ ಹಾಕ್ಕೊಂಡು ಹೋಗ್ತಾನಲ್ಲ, ಅವನಿಗೇನು ತಲೆ ಕೆಟ್ಟಿದೆಯಾ?" ಎಲ್ಲರೂ ನಕ್ಕರು. ಅಜ್ಜನಿಗೆ ನಗು ಬರಲಿಲ್ಲ.

ಏಕೆಂದರೆ ಹಾಗೆ ಮಾಡುವವರು ಊರಿನಲ್ಲಿ ಒಂದೇ ಮನೆಯವರು. ಅಜ್ಜನ ಅಪ್ಪ ಹಾಕಿಕೊಟ್ಟ ಕಟ್ಟಳೆ ಅದು. ಕೀಲಿಕೈ ಕಳೆದುಹೋದ ಬೀಗವನ್ನು ತಂತಿಯಿಂದ ತೆರೆದುಕೊಟ್ಟ ಮೇಲೆ ಅದನ್ನು ಬಾಯಿ ಬಿಟ್ಟುಕೊಂಡು ನೇತಾಡಲು ಬಿಡುವ ಹಾಗಿಲ್ಲ. ಮತ್ತೆ ಹಾಕಬೇಕು, ಕೆಳಕ್ಕೆ ಎರಡು ಸಲ ಜಗ್ಗಿ ನೋಡಬೇಕು, ಬೀಗ ಕೆಟ್ಟಿಲ್ಲ ಎಂದು ಖಾತ್ರಿಯಾದ ಮೇಲೆ ಇನ್ನೊಮ್ಮೆ ತೆರೆದು ಮನೆಯವರಿಗೆ ಒಪ್ಪಿಸಬೇಕು. ಹೀಗೆ ಮಾಡಿ ಮಾಡಿ ಅದು ಆ ಮನೆಯವರ ಮೈಗೇ ಹತ್ತಿಹೋಗಿತ್ತು. ತೆರೆದ ಬೀಗ ಕಣ್ಣಿಗೆ ಬಿದ್ದರೆ ಸಾಕು, ಹಾಕಿ ಜಗ್ಗದೆ ಕೈ ಸುಮ್ಮನಿರುತ್ತಿರಲಿಲ್ಲ.

ಅಜ್ಜನ ಕೈಗೆ ನಡುಕ ಬಂದು ಬಹಳ ಕಾಲವಾಗಿತ್ತು. ಟೀ ಲೋಟವನ್ನೇ ಎರಡು ಕೈಯಲ್ಲಿ ಹಿಡಿಯುವವನು ಬೀಗದೊಳಗೆ ತಂತಿ ಆಡಿಸುವುದು ದೂರದ ಮಾತು. ಇನ್ನು ಉಳಿದವನು ಮಗ. ಅಂಗಡಿಯನ್ನು ಈಗ ನಡೆಸುತ್ತಿದ್ದವನು ಅವನೇ. ಬಾಗಿಲಿಗೆಲ್ಲ ಗುಂಡಿ ಒತ್ತುವ ಹೊಸ ಬೀಗಗಳು ಬಂದು, ಅಂಗಡಿಯಲ್ಲಿ ನೊಣ ಹೊಡೆಯುವ ಹಾಗಾಗಿತ್ತು. ಅಜ್ಜ ಮಗನನ್ನು ಒಂದು ಮಾತೂ ಕೇಳಿರಲಿಲ್ಲ. ಕೇಳಿ, ಅವನು ಹೌದು ಎಂದುಬಿಟ್ಟರೆ ಆಮೇಲೆ ಬದುಕುವುದು ಹೇಗೆ? ಕೇಳದಿದ್ದರೆ ಅನುಮಾನ ಅನುಮಾನವಾಗಿಯೇ ಇರುತ್ತದೆ, ಅನ್ನ ಗಂಟಲಲ್ಲಿ ಹೇಗೋ ಇಳಿಯುತ್ತದೆ.

ಠಾಣೆಯ ಕರೆಯ ವಿಷಯ ಹೇಳಿದಾಗ ಮಗ ಒಂದು ಬೀಗದ ಕೈಗೆ ಅರ ಹಾಕುತ್ತಿದ್ದ. ತಲೆ ಎತ್ತಲಿಲ್ಲ, ಅರವೂ ನಿಲ್ಲಲಿಲ್ಲ. "ಹೋಗಿ ಬಾ ಅಪ್ಪ. ಮಗು ಖುಷಿಪಡುತ್ತೆ," ಎಂದ. ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ಅಜ್ಜನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಠಾಣೆಯವರಿಗೆ ಎಷ್ಟು ಗೊತ್ತಾಗಿದೆ ಎಂದು ನೋಡಿಕೊಂಡು ಬರುತ್ತೇನೆ, ಹುಡುಗಿಯ ಬಾಯಿ ಕಾಯುತ್ತೇನೆ, ಏನೇ ಆದರೂ ಮಗನ ಮೈಮೇಲೆ ಬರದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡ. ಇರುವವನು ಒಬ್ಬ ಮಗ.

ಹುಡುಗಿಯ ಅಡ್ಡ ಹೆಸರು ಚೂಟಿ. ಎರಡನೆಯ ತರಗತಿ. ಬಾಯಿ ತೆರೆದರೆ ಅರಳು ಹುರಿದಂತೆ ಮಾತು. ಶನಿವಾರ ಮಧ್ಯಾಹ್ನ ಅಜ್ಜನ ಬೆರಳು ಹಿಡಿದುಕೊಂಡು ಹೊರಟವಳು ದಾರಿಯುದ್ದಕ್ಕೂ ಮಾತಿನ ನಡುನಡುವೆ ಆಕಳಿಸುತ್ತಿದ್ದಳು. ತರಗತಿಯಲ್ಲಿ ತೂಕಡಿಸುತ್ತಾಳೆ ಎಂದು ಟೀಚರ್ ಎರಡು ಸಲ ಹೇಳಿಕಳಿಸಿದ್ದರು. ಸೊಸೆಗೆ ಬಟ್ಟೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಅಜ್ಜ ಮಲಗುವುದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಮಗುವನ್ನು ಮಲಗಿಸುವುದು ಮೇಲಿನ ಮನೆಯಲ್ಲಿ ಅಪ್ಪ. ಗಂಡಸರು ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಮಲಗಿಸಿದ್ದು ಯಾವ ಕಾಲದಲ್ಲಿ ಎಂದು ಅಜ್ಜ ಅದನ್ನು ಅಷ್ಟಕ್ಕೇ ಬಿಟ್ಟಿದ್ದ.

"ನೋಡು ಚೂಟಿ, ಅಲ್ಲಿ ಏನನ್ನೂ ಮುಟ್ಟಬಾರದು. ಕೇಳಿದಷ್ಟಕ್ಕೆ ಹೇಳು. ಅಂಗಡಿ ವಿಷಯ, ಅಪ್ಪನ ವಿಷಯ ಎಲ್ಲ ಅವರಿಗ್ಯಾಕೆ?"

"ಗೊತ್ತಜ್ಜ," ಎಂದಳು ಹುಡುಗಿ. ದೊಡ್ಡವರ ಹಾಗೆ, ಥಟ್ಟನೆ. ಇಷ್ಟು ಬೇಗ ಒಪ್ಪುವ ಜಾತಿಯಲ್ಲ ಅವಳು.

ಠಾಣೆಯ ಗೇಟಿಗೆ ಬಣ್ಣದ ಕಾಗದ ಅಂಟಿಸಿದ್ದರು. ಒಂದೆರಡು ಬಲೂನು ಗಾಳಿ ಇಳಿದು ಸುಕ್ಕಾಗಿ ಕಿಟಕಿಯ ಸರಳಿಗೆ ಜೋತುಬಿದ್ದಿದ್ದವು. ಒಳಗೆ ಫಿನಾಯಿಲ್ ವಾಸನೆ, ಹಳೆಯ ಫ್ಯಾನಿನ ಕಿರುಗುಟ್ಟುವಿಕೆ, ಗೋಡೆಯ ಪಕ್ಕ ಬೆಂಚು. ಎಷ್ಟು ನೋಡಿದರೂ ಬೇರೊಂದು ಮಗುವಿನ ಸುಳಿವಿಲ್ಲ.

"ಬಾಕಿ ಮಕ್ಕಳೆಲ್ಲ ಎಲ್ಲಿ?" ಎಂದ ಅಜ್ಜ.

"ಬೆಳಿಗ್ಗೇನೇ ಬಂದು ಹೋದ್ರು," ಎಂದು ಒಳಗಿನ ಕೋಣೆಯಿಂದ ಇನ್ಸ್‌ಪೆಕ್ಟರಮ್ಮ ಬಂದಳು. ಈ ಊರಿಗೆ ಹೊಸಬಳು, ಎತ್ತರದ ಹೆಂಗಸು, ಮಾತು ಮೆತ್ತಗೆ. "ನಿಮಗೆ ಅಂತ ಮಧ್ಯಾಹ್ನ ಪೂರ್ತಿ ಬಿಡುವು ಮಾಡ್ಕೊಂಡಿದ್ದೀನಿ ಅಜ್ಜ. ಗಲಾಟೆ ಇರಲ್ಲ, ನಿಧಾನವಾಗಿ ನೋಡಬಹುದು." ಮುಖದ ತುಂಬ ನಗು. ಅಜ್ಜ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಮೊದಲು ವೈರ್‌ಲೆಸ್ ಕೋಣೆ. ಚೂಟಿ ಅದರಲ್ಲಿ ಹಲೋ ಹಲೋ ಎಂದು ಕೂಗಿ, ಎಲ್ಲೋ ಗಸ್ತಿನಲ್ಲಿದ್ದ ಪೇದೆಯೊಬ್ಬ ತಿರುಗಿ ಹಲೋ ಎಂದಾಗ ಕುಣಿದಾಡಿದಳು. ಆಮೇಲೆ ಜೀಪು. ಅವಳನ್ನು ಚಾಲಕನ ಸೀಟಿನಲ್ಲಿ ಕೂರಿಸಿ ಸೈರನ್ ಗುಂಡಿ ಒತ್ತಿಸಿದರು. ಅಜ್ಜನಿಗೆ ಒಂದು ಗಳಿಗೆ ತನ್ನ ಭಯವೇ ಹುಚ್ಚು ಎನ್ನಿಸಿತು. ಮಗು ನಗುತ್ತಿದೆ, ಪೊಲೀಸರು ನಗುತ್ತಿದ್ದಾರೆ, ಬಿಸಿಲು ಹಿತವಾಗಿದೆ.

"ಅಂಕಲ್, ನಿಮ್ಮ ಹೊಟ್ಟೆ ಇಷ್ಟು ದಪ್ಪ ಇದೆಯಲ್ಲ, ಕಳ್ಳರ ಹಿಂದೆ ಹೇಗೆ ಓಡ್ತೀರಾ?" ಎಂದು ಚೂಟಿ ಮುಖ್ಯಪೇದೆಯನ್ನು ಕೇಳಿದಳು.

"ಓಡೋದ್ಯಾಕೆ ಪುಟ್ಟ?" ಎಂದ ಅವನು, ಹೊಟ್ಟೆ ಸವರಿಕೊಂಡು. "ಸುಮ್ನೆ ಕೂತು ಕಾಯ್ತೀವಿ. ಅವರೇ ಬರ್ತಾರೆ."

ಇನ್ಸ್‌ಪೆಕ್ಟರಮ್ಮ ಜೀಪಿನ ಬಾಗಿಲಿಗೆ ಒರಗಿಕೊಂಡು, "ಪುಟ್ಟ, ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀಯ ನೀನು? ಕಣ್ಣೆಲ್ಲ ಕೆಂಪಾಗಿದೆ," ಎಂದಳು.

"ಬೇಗ," ಎಂದಳು ಚೂಟಿ. ಅದುವರೆಗೆ ವಟವಟ ಎನ್ನುತ್ತಿದ್ದವಳು ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡಳು.

"ಮೊಬೈಲ್ ನೋಡ್ತಾಳೆ ಮೇಡಂ, ಎಷ್ಟು ಹೇಳಿದ್ರೂ ಕೇಳಲ್ಲ," ಎಂದು ಅಜ್ಜ ನಡುವೆ ಬಾಯಿ ಹಾಕಿದ. ಹಾಗೇಕೆ ಸುಳ್ಳು ಹೇಳಿದೆನೆಂದು ಅವನಿಗೇ ತಿಳಿಯಲಿಲ್ಲ. ಹುಡುಗಿಗೆ ಯಾರೂ ಮೊಬೈಲ್ ಕೊಡುತ್ತಿರಲಿಲ್ಲ.

ಆಮೇಲೆ ಬೆರಳಚ್ಚು ತೆಗೆಯುವ ಮೇಜು. ಅಲ್ಲಿ ಗಾಜಿನ ಹಲಗೆಯ ಮೇಲೆ ಕಪ್ಪು ಶಾಯಿ ಸವರಿ ಸಿದ್ಧವಾಗಿ ಇಟ್ಟಿದ್ದರು. "ಇದು ಎಲ್ಲಾ ಮಕ್ಕಳಿಗೂ ಮಾಡಿದ್ವಿ, ನೆನಪಿಗೆ," ಎಂದಳು ಇನ್ಸ್‌ಪೆಕ್ಟರಮ್ಮ. ಮುಖ್ಯಪೇದೆ ಹುಡುಗಿಯ ಬೆರಳುಗಳನ್ನು ಒಂದೊಂದಾಗಿ ಹಿಡಿದು, ಶಾಯಿಯಲ್ಲಿ ಹೊರಳಿಸಿ, ಕಾಗದದ ಮೇಲೆ ಒತ್ತಿದ. ಅವಸರವೇ ಇಲ್ಲ. ಮಕ್ಕಳಾಟಕ್ಕೆ ಇಷ್ಟು ಶ್ರದ್ಧೆಯೇ ಎಂದು ಅಜ್ಜ ನೋಡುತ್ತ ನಿಂತ. ಒಂದು ಹಾಳೆಯನ್ನು ಚೂಟಿಗೆ ಕೊಟ್ಟರು. ಇನ್ನೊಂದು ಹಾಳೆಯಲ್ಲೂ ಹಾಗೇ ಒತ್ತಿಸಿ, ಅದನ್ನು ಇನ್ಸ್‌ಪೆಕ್ಟರಮ್ಮ ತಾನೇ ತೆಗೆದುಕೊಂಡು ಒಳಗೆ ಹೋದಳು.

"ಅದು ಯಾರಿಗೆ?" ಎಂದ ಅಜ್ಜ.

"ನಮಗೂ ನೆನಪಿಗೆ ಒಂದಿರ್ಲಿ ಯಜಮಾನ್ರೇ," ಎಂದ ಮುಖ್ಯಪೇದೆ. ಅವನು ಅಜ್ಜನ ಮುಖ ನೋಡಲಿಲ್ಲ. ಅಂಗಡಿಗೆ ಎಷ್ಟೋ ಸಲ ಬಂದು, ಟೀ ಕುಡಿದು, ಲೋಕದ ಸುದ್ದಿಯೆಲ್ಲ ಹರಟಿ ಹೋದವನು ಇವನೇ.

ಇನ್ಸ್‌ಪೆಕ್ಟರಮ್ಮ ಹೊರಗೆ ಬರಲು ತಡವಾಯಿತು. ಬಂದಾಗ ಮುಖದ ನಗು ಹಾಗೇ ಇತ್ತು, ಕಣ್ಣಲ್ಲಿದ್ದದ್ದು ಹೋಗಿತ್ತು. "ಬಾ ಪುಟ್ಟ, ಇನ್ನು ಒಂದೇ ಒಂದು ನೋಡೋದು ಬಾಕಿ. ಕಳ್ಳರನ್ನ ಕೂಡಿಹಾಕೋ ಕೋಣೆ. ನಿಮ್ಮಜ್ಜನೂ ಬರ್ಲಿ."

ಕೋಣೆ ಖಾಲಿಯಿತ್ತು. ಸಿಮೆಂಟಿನ ಜಗಲಿ, ಮೂಲೆಯಲ್ಲಿ ನೀರಿನ ಕೊಡ, ಗೋಡೆಯ ಮೇಲೆ ಯಾರೋ ಉಗುರಿನಿಂದ ಗೀಚಿದ ಹೂವು. ಚೂಟಿ ಜಿಗಿದು ಒಳಗೆ ಹೋದಳು. ಒಬ್ಬಳೇ ಹೇಗೆ ಬಿಡುವುದು ಎಂದು ಅಜ್ಜನೂ ಹಿಂದೆ ಹೋದ. ಸರಳಿನ ಬಾಗಿಲು ಮುಚ್ಚಿತು. ಮುಖ್ಯಪೇದೆ ಹೊರಗಿನಿಂದ ಚಿಲಕ ಎಳೆದು, ತೂಕದ ಹಿತ್ತಾಳೆ ಬೀಗವೊಂದನ್ನು ಸಿಕ್ಕಿಸಿ ಒತ್ತಿದ. ಚೂಟಿ ಕಿಲಕಿಲ ನಕ್ಕಳು.

"ಈಗ ತೆಗೀರಿ," ಎಂದ ಅಜ್ಜ.

"ಅಯ್ಯೋ, ಕೀಲಿಕೈ ಎಲ್ಲಿಟ್ಟೆ?" ಎಂದು ಮುಖ್ಯಪೇದೆ ಜೇಬು ತಡಕಿಕೊಂಡ. ಒಳ್ಳೆಯ ನಟನಲ್ಲ ಅವನು. ಒಂದೇ ಜೇಬನ್ನು ಮೂರು ಸಲ ತಡಕಿದ.

ಇನ್ಸ್‌ಪೆಕ್ಟರಮ್ಮ ಸರಳಿನ ಹತ್ತಿರ ಬಂದು, "ಹೋಗ್ಲಿ ಬಿಡಿ. ಬೀಗದಜ್ಜನೇ ಒಳಗಿದ್ದಾರೆ, ಬೀಗಕ್ಕೆ ಯಾಕೆ ಹೆದರೋದು?" ಎಂದು ಅಂಗಿಯ ಜೇಬಿನಿಂದ ಎರಡು ತಂತಿಗಳನ್ನು ತೆಗೆದು ಒಳಗೆ ಚಾಚಿದಳು. ಒಂದರ ತುದಿ ಕೊಕ್ಕೆಯಾಗಿ ಬಾಗಿತ್ತು, ಇನ್ನೊಂದು ನೇರ. ಬೀಗ ತೆರೆಯುವವರು ಹೇಗೆ ಮಾಡಿಕೊಳ್ಳುತ್ತಾರೋ ಹಾಗೆಯೇ ಮಾಡಿಸಿ ಇಟ್ಟುಕೊಂಡಿದ್ದಳು.

ಅಜ್ಜನಿಗೆ ಆಗ ಎಲ್ಲವೂ ಸ್ಪಷ್ಟವಾಯಿತು, ಅಥವಾ ಎಲ್ಲವೂ ಎಂದು ಅವನು ತಿಳಿದುಕೊಂಡ. ಇದು ಮಕ್ಕಳ ಕಾರ್ಯಕ್ರಮವಲ್ಲ. ತನ್ನ ಮನೆಯನ್ನು ಇವರು ಮೂಸಿ ನೋಡಿಯಾಗಿದೆ. ಹೆದರಿಕೆಯ ಜೊತೆಗೇ ಒಂದು ದಾರಿಯೂ ಕಂಡಿತು. ಬೀಗ ತೆರೆಯುವುದು, ಈ ಹೆಂಗಸಿನ ಕಣ್ಣ ಮುಂದೆಯೇ ತೆರೆಯುವುದು. ಕಳ್ಳ ನಾನೇ ಎನ್ನುವುದು. ಮುದುಕನಿಗೆ ಎಷ್ಟು ದಿನ ಜೈಲು? ಮಗನ ಬಾಳು ಉಳಿಯುತ್ತದೆ, ಮಗುವಿಗೆ ಅಪ್ಪ ಉಳಿಯುತ್ತಾನೆ.

ಸರಳಿನ ಸಂದಿಯಿಂದ ಕೈ ಹೊರಗೆ ಹಾಕಿ, ಬೀಗವನ್ನು ತನ್ನ ಕಡೆ ತಿರುಗಿಸಿಕೊಂಡ. ಕೊಕ್ಕೆ ತಂತಿ ಹೇಗೋ ಒಳಗೆ ಹೋಯಿತು. ನೇರ ತಂತಿ ಹೋಗಲಿಲ್ಲ. ಬೀಗದ ತೂತಿನ ಆಚೆ ಈಚೆ ಟಕಟಕನೆ ಬಡಿಯಿತು. ಉಸಿರು ಬಿಗಿಹಿಡಿದು ಮತ್ತೆ ನೋಡಿದ. ಬೆರಳುಗಳು ಹೇಳಿದ ಮಾತು ಕೇಳಲಿಲ್ಲ. ಬೆವರು ಹುಬ್ಬಿಗೆ ಇಳಿಯಿತು. ಕಣ್ಣೆತ್ತಿದರೆ ಇನ್ಸ್‌ಪೆಕ್ಟರಮ್ಮ ಬೀಗವನ್ನು ನೋಡುತ್ತಲೇ ಇರಲಿಲ್ಲ. ಅವಳು ನೋಡುತ್ತಿದ್ದದ್ದು ಅವನ ಕೈಗಳನ್ನು.

"ಸಾಕು ಬಿಡಿ ಅಜ್ಜ," ಎಂದಳು, ಮೆತ್ತಗೆ.

"ಆಗುತ್ತೆ, ಆಗುತ್ತೆ. ಒಂದ್ನಿಮಿಷ." ಅಜ್ಜನ ದನಿ ಅಳುವ ಹಾಗಿತ್ತು.

"ಕೊಡಜ್ಜ ಇಲ್ಲಿ," ಎಂದಳು ಚೂಟಿ. "ನೀನು ತುಂಬಾ ಒತ್ತುತ್ತೀಯ."

ಬೇಡ ಎನ್ನುವುದರೊಳಗೆ ತಂತಿಗಳು ಅವಳ ಕೈ ಸೇರಿದ್ದವು. ತೆಳ್ಳನೆಯ ಮಣಿಕಟ್ಟುಗಳು ಸರಳಿನ ನಡುವೆ ನುಸುಳಿದವು. ಕೊಕ್ಕೆಯನ್ನು ಎಡಗೈಯಲ್ಲಿ ಹಿಡಿದು, ನೇರ ತಂತಿಯನ್ನು ಬಲಗೈಯ ಎರಡೇ ಬೆರಳಲ್ಲಿ ಆಡಿಸುತ್ತ, ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು ಕಿವಿಗೊಟ್ಟಳು. ಕತ್ತಲಲ್ಲಿ ಕೆಲಸ ಮಾಡಿ ಅಭ್ಯಾಸವಿದ್ದವರು ಹಾಗೆ, ನೋಡದೆ ಮಾಡುತ್ತಾರೆ. ಟಕ್ ಎಂದಿತು. ಬೀಗ ಬಾಯಿ ಬಿಟ್ಟಿತು. ಹುಡುಗಿ ಬಾಗಿಲು ದೂಡುವುದು ಬಿಟ್ಟು, ತಾನಿನ್ನೂ ಒಳಗೇ ಇದ್ದೇನೆಂಬುದನ್ನೂ ಮರೆತು, ಬೀಗವನ್ನು ಮತ್ತೆ ಒತ್ತಿ ಹಾಕಿದಳು. ಕೆಳಕ್ಕೆ ಜಗ್ಗಿದಳು, ಒಂದು ಸಲ, ಇನ್ನೊಂದು ಸಲ.

ಮುಖ್ಯಪೇದೆ ಟೋಪಿ ತೆಗೆದು ಹಣೆ ಒರೆಸಿಕೊಂಡ.

ಅಜ್ಜ ಜಗಲಿಯ ಮೇಲೆ ಕುಸಿದು ಕೂತ. ಅವನು ಈ ಮಗುವಿಗೆ ಬೀಗ ತೆರೆಯುವುದನ್ನು ಕಲಿಸಿರಲಿಲ್ಲ. ಅವಳ ಕೈಗೆ ತಂತಿ ಸಿಗದ ಹಾಗೆ ಅಟ್ಟದ ಮೇಲೆ ಇಡುತ್ತಿದ್ದವನು ಅವನೇ. ಕೆಂಪಾದ ಕಣ್ಣು, ತರಗತಿಯ ತೂಕಡಿಕೆ, ಸೊಸೆಯ ರಾತ್ರಿ ಪಾಳಿ, ಇವೆಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು. ಮಗ ಕಳ್ಳನಿರಬಹುದು ಎಂದು ಹೆದರಿದ್ದನೇ ಹೊರತು, ಈ ಮಗುವನ್ನು ಹಾಸಿಗೆಯಿಂದ ಎಬ್ಬಿಸಿಕೊಂಡು ಹೋಗುತ್ತಾನೆ ಎಂದು ಅವನ ಕನಸಿನಲ್ಲೂ ಬಂದಿರಲಿಲ್ಲ.

ಇನ್ಸ್‌ಪೆಕ್ಟರಮ್ಮ ಸರಳಿನ ಆಚೆ ಮೊಣಕಾಲೂರಿ ಕೂತಳು. "ಎಷ್ಟು ಚೆನ್ನಾಗಿ ತೆಗೆದೆ ಪುಟ್ಟ! ಯಾರು ಕಲಿಸಿದ್ದು?"

"ಅಜ್ಜ," ಎಂದಳು ಚೂಟಿ.

ತಡವರಿಸಲಿಲ್ಲ, ಅಜ್ಜನ ಕಡೆ ತಿರುಗಲೂ ಇಲ್ಲ. ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ ಕೈಗಳನ್ನು ಮೈಗೆ ಅಂಟಿಸಿಕೊಂಡು ಮುಂದುವರಿಸಿದಳು. "ಅಜ್ಜನೇ ಕಲಿಸಿದ್ದು. ಅಜ್ಜನೇ ಕರ್ಕೊಂಡು ಹೋಗೋದು. ಅಪ್ಪ ಮಲಗಿರ್ತಾನೆ. ಅಪ್ಪನಿಗೆ ಏನೂ ಗೊತ್ತಿಲ್ಲ."

ಅಪ್ಪನ ವಿಷಯವನ್ನು ಯಾರೂ ಕೇಳಿರಲಿಲ್ಲ.

ಹೇಳಿ ಮುಗಿಸಿ ಅವಳು ಅಜ್ಜನ ಹತ್ತಿರ ಬಂದು, ಅವನ ತೊಡೆಗೆ ಒರಗಿ, ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು: "ಸರಿಯಾಗಿ ಹೇಳಿದ್ನಾ ಅಜ್ಜ? ನೀನೂ ಒಪ್ಪಿದ್ದೀಯ ಅಂತ ಅಪ್ಪ ಹೇಳಿದ್ದ."

ಅಜ್ಜ ಅವಳ ಮುಖ ನೋಡಿದ. ಹೊಗಳಿಕೆಗೆ ಕಾದು ನಿಂತ ಮುಖ. ಒಂದು ಚೂರೂ ಕಳ್ಳತನ ಆ ಮುಖದಲ್ಲಿರಲಿಲ್ಲ, ಅದೇ ಅವನನ್ನು ಸುಟ್ಟುಬಿಟ್ಟಿತು. ಮಗನಿಗಾಗಿ ತಲೆ ಕೊಡಲು ಅವನು ತಾನಾಗಿಯೇ ಸಿದ್ಧನಾಗಿ ಬಂದಿದ್ದ. ಮಗ ಅದಕ್ಕೂ ಕಾಯದೆ ಅಪ್ಪನ ತಲೆಯನ್ನು ಮೊದಲೇ ಒತ್ತೆ ಇಟ್ಟಿದ್ದ, ಅದನ್ನು ಮಗುವಿನ ಬಾಯಿಯಿಂದ ಹೇಳಿಸಿ ಹೇಳಿಸಿ ಗಟ್ಟಿ ಮಾಡಿಸಿದ್ದ.

"ಅಜ್ಜ," ಎಂದಳು ಇನ್ಸ್‌ಪೆಕ್ಟರಮ್ಮ. ಈಗ ನಗು ಇರಲಿಲ್ಲ. "ಹೋದ ವಾರ ಕಳವಾದ ಮನೆಯವರು ಊರಿಗೆ ಹೋಗೋ ಮೊದಲು ಬೀಗಕ್ಕೆ ಎಣ್ಣೆ ಹಾಕಿದ್ರು. ಅದರ ಮೇಲೆ ಬೆರಳ ಗುರುತು ಸಿಕ್ತು. ಪುಟ್ಟದು. ಮಗು ಕದಿಯುತ್ತಾ ಅಂತ ನಮ್ಮವರೇ ನಕ್ಕಿದ್ರು. ಈಗ ತಾಳೆ ನೋಡಿ ಬಂದೆ, ಇವಳದ್ದೇ. ಮಗು ತಾನಾಗಿ ಹೋಗಲ್ಲ. ಕರ್ಕೊಂಡು ಹೋಗೋರು ಯಾರು, ನನಗೆ ಬೇಕಾಗಿರೋದು ಅಷ್ಟೇ. ಅವಳು ಹೇಳಿದ್ದು ನಿಜಾನಾ?"

ಹೌದು ಎಂದರೆ ಮುಗಿಯಿತು. ನಡುಗುವ ಕೈಯವನು ತೆರೆಯಬೇಕಿಲ್ಲ, ಕರೆದುಕೊಂಡು ಹೋದರೆ ಸಾಕು. ಹೌದು ಎಂದರೆ ತಾನು ಇಲ್ಲಿ ಉಳಿಯುತ್ತೇನೆ, ಇವಳು ಮನೆಗೆ ಹೋಗುತ್ತಾಳೆ. ಸೊಸೆ ಪಾಳಿಗೆ ಹೋಗುತ್ತಾಳೆ. ಮೇಲಿನ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಕೆಲವು ದಿನ ಸುಮ್ಮನಿದ್ದು, ಆಮೇಲೊಂದು ರಾತ್ರಿ ಮಗ ಬಗ್ಗಿ ಇವಳ ಭುಜ ಅಲುಗಿಸುತ್ತಾನೆ. ಇವಳು ಕಣ್ಣುಜ್ಜಿಕೊಂಡು ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾಳೆ.

"ಇಲ್ಲ," ಎಂದ ಅಜ್ಜ.

ಚೂಟಿ ತೊಡೆಯಿಂದ ಮೈ ಹಿಂತೆಗೆದುಕೊಂಡಳು.

"ನಾನು ಕಲಿಸಿದ್ದಲ್ಲ ಮೇಡಂ. ಮಗು ಹೇಳಿಕೊಟ್ಟಿದ್ದನ್ನ ಹೇಳ್ತಿದೆ. ನನ್ನ ಮಗ. ಅವನೇ. ಈಗ ಅಂಗಡಿಯಲ್ಲೇ ಇರ್ತಾನೆ. ಬೇಗ ಹೋಗಿ." ಮಗ ಅಂಬೆಗಾಲಿಕ್ಕುತ್ತಿದ್ದಾಗ ಇದೇ ಬಾಯಲ್ಲಿ ಅವನನ್ನು ರಾಜಕುಮಾರ ಎಂದು ಕರೆದಿದ್ದ.

"ಸುಳ್ಳು!" ಚೂಟಿ ಚೀರಿದಳು. "ಅಜ್ಜ ಸುಳ್ಳು ಹೇಳ್ತಿದ್ದಾನೆ! ಅಜ್ಜ ಕೆಟ್ಟವನು!"

ಮುಖ್ಯಪೇದೆಗೆ ಈಗ ಕೀಲಿಕೈ ಸಿಕ್ಕಿತು. ಅವನು ಬೀಗ ತೆಗೆದು, ಯಾರನ್ನೂ ನೋಡದೆ, ಇನ್ನಿಬ್ಬರು ಪೇದೆಗಳನ್ನು ಕರೆಯುತ್ತ ಅಂಗಳಕ್ಕೆ ಓಡಿದ. ಅಷ್ಟು ದಪ್ಪ ಹೊಟ್ಟೆ ಇಟ್ಟುಕೊಂಡೂ ಓಡಿದ. ಇನ್ಸ್‌ಪೆಕ್ಟರಮ್ಮ ಒಳಗೆ ಬಂದು ಹುಡುಗಿಯ ಹೆಗಲ ಮೇಲೆ ಕೈ ಇಟ್ಟಳು. "ಬಾ ಪುಟ್ಟ, ನಾವು ಆ ಕೋಣೆಯಲ್ಲಿ ಕೂರೋಣ. ಅಮ್ಮನಿಗೆ ಫೋನ್ ಮಾಡೋಣ." ಅಜ್ಜ ಕೈ ಚಾಚಿದ. ಹುಡುಗಿ ಆ ಕೈಯನ್ನು ತಳ್ಳಿ, ಆ ಹೆಂಗಸಿನ ಸೊಂಟ ತಬ್ಬಿಕೊಂಡಳು.

ಬಾಗಿಲ ಬಳಿ ನಿಂತು, ಅತ್ತು ಕೆಂಪಾದ ಮುಖವನ್ನು ಒಮ್ಮೆ ತಿರುಗಿಸಿದಳು. ಬೈದಾಗಲೆಲ್ಲ, ತಿಂಡಿ ಕೊಡದಾಗಲೆಲ್ಲ ಅಜ್ಜನಿಗೆ ಹಾಕುತ್ತಿದ್ದ ಬೆದರಿಕೆಯನ್ನೇ ಹಾಕಿದಳು.

"ಮನೆಗೆ ಹೋಗಿ ಅಪ್ಪನಿಗೆ ಹೇಳ್ತೀನಿ. ನೋಡ್ತಿರು ನೀನು!"

ಹೊರಗೆ ಜೀಪು ಶುರುವಾದ ಸದ್ದು ಕೇಳಿಸಿತು.